ಆಫ್‌ಲೈನ್ ವೆಬ್ ಆಪ್: ಇತಿಹಾಸ

ಬ್ರೌಸರಿನಲ್ಲೇ ನಡೆಯುತ್ತ, ಇಂಟರ್ನೆಟ್ ಸಂಪರ್ಕ ಕಡಿದಾಗಲೂ ತೆರೆದುಕೊಂಡು ಕೆಲಸ ಮಾಡುವ ತಂತ್ರಾಂಶಕ್ಕೆ ಆಫ್‌ಲೈನ್ ವೆಬ್ ಆಪ್ ಎಂದು ಹೆಸರು. ಇದರ ಚರಿತ್ರೆ ಹೇಳುವ ಬರಹಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಪುಟ, ಸ್ಕ್ರಿಪ್ಟ್, ಚಿತ್ರ, ಫಾಂಟ್‌ಗಳನ್ನು ಸಾಧನದಲ್ಲೇ ಇಟ್ಟುಕೊಳ್ಳುವುದು ಒಂದು. ಬಳಕೆದಾರರು ಬರೆದದ್ದನ್ನು ಅಲ್ಲೇ ಉಳಿಸುವುದು ಇನ್ನೊಂದು. ಸರ್ವರನ್ನೇ ಹತ್ತಿರಕ್ಕೆ ತಂದಿಟ್ಟುಕೊಳ್ಳುವುದು ಮತ್ತೊಂದು. ಮೊದಲೆರಡೂ ಕೂಡಿದ ಆಪ್ ಮಾತ್ರ ಪೂರ್ತಿ ಆಫ್‌ಲೈನ್ ಎನಿಸಿಕೊಳ್ಳಬಲ್ಲದು. ಮೊದಲನೆಯದನ್ನಷ್ಟೇ ಸಾಧಿಸಿದವಕ್ಕೂ ಆ ಹೆಸರು ಹಚ್ಚುವುದರಿಂದಲೇ ಗೊಂದಲ ಬೆಳೆದಿದೆ.

ಕಥೆಯನ್ನು ಸಾಮಾನ್ಯವಾಗಿ 2007ರ ಮೇ ತಿಂಗಳಲ್ಲಿ ಬಂದ ಗೂಗಲ್ ಗೇರ್ಸ್‌ನಿಂದ ಶುರುಮಾಡುತ್ತಾರೆ. ಆದರೆ ಜೆರೆಮಿ ರಸ್ಟನ್ 2004ರಲ್ಲೇ ಹೊರತಂದ ಟಿಡ್ಲಿವಿಕಿ ಒಂದೇ ಒಂದು ಎಚ್‌ಟಿಎಂಎಲ್ ಕಡತವಾಗಿತ್ತು. ಆಪ್ ಮತ್ತು ಬಳಕೆದಾರರ ಟಿಪ್ಪಣಿಗಳು ಎರಡೂ ಅದರೊಳಗೇ ಇರುತ್ತಿದ್ದವು, ಸರ್ವರ್ ಬೇಕಿರಲಿಲ್ಲ. ಪುಟವೊಂದು ತಾನಾಗಿ ಡಿಸ್ಕಿಗೆ ಬರೆಯುವ ದಾರಿಗಳನ್ನು ಬ್ರೌಸರುಗಳು ಸುರಕ್ಷತೆಯ ಕಾರಣಕ್ಕೆ ಮುಂದೆ ಮುಚ್ಚುತ್ತ ಬಂದದ್ದರಿಂದ ಈ ಮಾದರಿ ಬದಿಗೆ ಸರಿಯಿತು. ಗೇರ್ಸ್ ಬೇರೆ ದಾರಿ ಹಿಡಿಯಿತು: ಬ್ರೌಸರಿಗೆ ಜೋಡಿಸುವ ಪ್ಲಗಿನ್, ಅದರೊಳಗೆ ಕಡತಗಳ ಸಂಗ್ರಹ, ಎಸ್‌ಕ್ಯುಲೈಟ್ ಡೇಟಾಬೇಸ್, ಹಿನ್ನೆಲೆಯಲ್ಲಿ ಸ್ಕ್ರಿಪ್ಟ್ ನಡೆಸುವ ವ್ಯವಸ್ಥೆ. ಗೂಗಲ್ ರೀಡರ್ ಮೊದಲು ಇದನ್ನು ಬಳಸಿತು, 2009ರ ಜನವರಿಯಲ್ಲಿ ಜಿಮೇಲ್ ಬಳಸಿತು. 2011ರಲ್ಲಿ ಗೇರ್ಸ್ ನಿಂತುಹೋಯಿತು. ಪ್ಲಗಿನ್ ಬೇಡ, ಬ್ರೌಸರಿನಲ್ಲೇ ಈ ಸೌಲಭ್ಯ ಇರಲಿ ಎಂಬ ನಿಲುವು ಅಷ್ಟರಲ್ಲಿ ಗಟ್ಟಿಯಾಗಿತ್ತು.

ಆ ನಿಲುವಿನ ಫಲವಾದ ಎಚ್‌ಟಿಎಂಎಲ್5ರ ಆಪ್‌ಕ್ಯಾಶ್ ಬಗ್ಗೆ ದಾಖಲೆಗಳು ಒಂದೇ ಮಾತು ಹೇಳುತ್ತವೆ: ಅದು ಸೋತಿತು. ಹೇಗೆ ಸೋತಿತು ಎಂಬುದನ್ನು ಬಿಡಿಸಿ ನೋಡಬೇಕು. ಬೇಕಾದ ಕಡತಗಳ ಪಟ್ಟಿಯನ್ನು ಮ್ಯಾನಿಫೆಸ್ಟ್ ಎಂಬ ಪಠ್ಯ ಕಡತದಲ್ಲಿ ಬರೆದಿಟ್ಟರೆ ಬ್ರೌಸರ್ ಎಲ್ಲವನ್ನೂ ಇಳಿಸಿಕೊಳ್ಳುತ್ತಿತ್ತು. ನೆಟ್‌ವರ್ಕ್ ಇದ್ದಾಗಲೂ ಅದು ಮೊದಲು ತೋರಿಸುತ್ತಿದ್ದುದು ಹಳೆಯ ಪ್ರತಿಯನ್ನೇ. ಹೊಸದು ಕಾಣಬೇಕಾದರೆ ಪುಟವನ್ನು ಮತ್ತೊಮ್ಮೆ ತೆರೆಯಬೇಕಿತ್ತು. ಪಟ್ಟಿಯ ಒಂದು ಕಡತ ಸಿಗದಿದ್ದರೂ ಇಡೀ ಅಪ್‌ಡೇಟ್ ರದ್ದಾಗುತ್ತಿತ್ತು. ಚಿತ್ರವನ್ನೋ ಸ್ಕ್ರಿಪ್ಟನ್ನೋ ಬದಲಿಸಿದರೆ ಸಾಲದು, ಮ್ಯಾನಿಫೆಸ್ಟಿನ ಅಕ್ಷರಗಳೇ ಬದಲಾಗಬೇಕಿತ್ತು. ಹಾಗಾಗಿ ಡೆವಲಪರುಗಳು ಅದರಲ್ಲಿ ಆವೃತ್ತಿ ಸಂಖ್ಯೆಯನ್ನು ಕಾಮೆಂಟಾಗಿ ಬರೆದು ಪ್ರತಿ ಸಲ ತಿದ್ದುತ್ತಿದ್ದರು. ವೆಬ್ ಡೆವಲಪರ್ ಜೇಕ್ ಆರ್ಚಿಬಾಲ್ಡ್ 2012ರಲ್ಲಿ ಈ ದೋಷಗಳನ್ನೆಲ್ಲ ಒಟ್ಟುಗೂಡಿಸಿ ಬರೆದ ಕಟು ವಿಮರ್ಶೆ ಹೆಸರಾಯಿತು.

ಹಾಗಿದ್ದೂ ಬ್ರಿಟನ್ನಿನ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆ 2011ರ ಜೂನ್‌ನಲ್ಲಿ ಇದೇ ಆಪ್‌ಕ್ಯಾಶ್ ನೆಚ್ಚಿ ತನ್ನ ವೆಬ್ ಆಪ್ ಹೊರತಂದಿತು. ಆಪ್ ಸ್ಟೋರಿನ ಮೂಲಕ ಬರುವ ಚಂದಾ ಹಣದಲ್ಲಿ ಆಪಲ್ ಕೇಳುತ್ತಿದ್ದ ಶೇ. 30ರ ಪಾಲು, ಚಂದಾದಾರರ ಮಾಹಿತಿ ಯಾರ ಕೈಯಲ್ಲಿರಬೇಕೆಂಬ ತಕರಾರು ಅದರ ಹಿಂದಿದ್ದವು. ಪತ್ರಿಕೆಯ ತಂತ್ರಜ್ಞರು ಆಪ್‌ಕ್ಯಾಶ್‌ಗೆ ಒಪ್ಪಿಸಿದ್ದು ಆಪ್ ಶುರುಮಾಡುವ ಪುಟ್ಟ ತುಣುಕನ್ನು ಮಾತ್ರ. ಉಳಿದ ಕೋಡ್ ಬ್ರೌಸರಿನ ಲೋಕಲ್‌ಸ್ಟೋರೇಜ್ ಎಂಬ ಸಂಗ್ರಹದಲ್ಲಿ, ಲೇಖನಗಳು ಬ್ರೌಸರಿನೊಳಗಿನ ಡೇಟಾಬೇಸಿನಲ್ಲಿ ಕೂತವು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವಾಗ ಬದಲಿಸಬೇಕು ಎಂಬ ತೀರ್ಮಾನ ಪಟ್ಟಿಯಿಂದ ಸ್ಕ್ರಿಪ್ಟಿನ ಕೈಗೆ ಬಂದದ್ದು ಇಲ್ಲಿ. ಈ ಚರಿತ್ರೆಯ ನಿಜವಾದ ತಿರುವು ಇದೇ.

ಬ್ರೌಸರಿನೊಳಗಿನ ಆ ಡೇಟಾಬೇಸಿನ ಕಥೆ ಚಿಕ್ಕದು. ಅದಕ್ಕೆಂದು ರೂಪುಗೊಳ್ಳುತ್ತಿದ್ದ ವೆಬ್ ಎಸ್‌ಕ್ಯುಎಲ್ ಅನ್ನು ಅಳವಡಿಸಿದವರೆಲ್ಲ ಎಸ್‌ಕ್ಯುಲೈಟ್ ಒಂದನ್ನೇ ಬಳಸಿದ್ದರಿಂದ, ಪ್ರಮಾಣಕಕ್ಕೆ ಬೇಕಾದ ಸ್ವತಂತ್ರ ಅಳವಡಿಕೆಗಳಿಲ್ಲವೆಂದು ವೆಬ್ ಪ್ರಮಾಣಕಗಳನ್ನು ರೂಪಿಸುವ ಡಬ್ಲ್ಯು3ಸಿ 2010ರ ನವೆಂಬರ್‌ನಲ್ಲಿ ಆ ಕೆಲಸ ಕೈಬಿಟ್ಟಿತು. ಅದರ ಜಾಗದಲ್ಲಿ, ಆಗ ಒರೇಕಲ್‌ನಲ್ಲಿದ್ದ ನಿಕುಂಜ್ ಮೆಹ್ತಾ ಮುಂದಿಟ್ಟ ಪ್ರಸ್ತಾವದಿಂದ ಬೆಳೆದ ಇಂಡೆಕ್ಸೆಡ್‌ಡಿಬಿ 2015ರ ಜನವರಿಯಲ್ಲಿ ಡಬ್ಲ್ಯು3ಸಿ ಶಿಫಾರಸಾಯಿತು.

ಆಪ್‌ಕ್ಯಾಶ್‌ನ ಜಾಗಕ್ಕೆ ಬಂದ ಸರ್ವೀಸ್ ವರ್ಕರ್‌ನ ಮೊದಲ ಕರಡು 2014ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಆರ್ಚಿಬಾಲ್ಡ್ ಮುಂದೆ ಅದರ ಸಂಪಾದಕರಲ್ಲೊಬ್ಬರಾದರು. ಪುಟಕ್ಕೂ ನೆಟ್‌ವರ್ಕಿಗೂ ನಡುವೆ ನಿಂತು ಪ್ರತಿ ಬೇಡಿಕೆಯನ್ನೂ ತಡೆದು ನೋಡುವ ಸ್ಕ್ರಿಪ್ಟ್ ಅದು. ಇಟ್ಟುಕೊಂಡದ್ದನ್ನು ಕೊಡಬೇಕೋ ಹೊಸದನ್ನು ತರಬೇಕೋ ಎಂಬುದನ್ನು ಡೆವಲಪರ್ ಬರೆದ ಕೋಡ್ ನಿರ್ಧರಿಸುತ್ತದೆ. ದುರುಪಯೋಗವಾಗದಂತೆ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಕಡ್ಡಾಯ, ಡೆವಲಪರಿನ ಸ್ವಂತ ಕಂಪ್ಯೂಟರಾದ ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ. ಮೊದಲ ಭೇಟಿಗೆ ಸಂಪರ್ಕ ಬೇಕೇ ಬೇಕು. ಹೊರಗಿನ ಸರ್ವರಿನಿಂದ ಬರುವ ಲೈಬ್ರರಿ, ಫಾಂಟ್‌ಗಳನ್ನು ಆಗಲೇ ಸಂಗ್ರಹಿಸದಿದ್ದರೆ ಆಪ್ ಆಫ್‌ಲೈನಿನಲ್ಲಿ ಅರೆಬರೆಯಾಗಿ ತೆರೆದುಕೊಳ್ಳುತ್ತದೆ. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2016ರಲ್ಲಿ, ಸಫಾರಿ 2018ರಲ್ಲಿ ಇದನ್ನು ಅಳವಡಿಸಿಕೊಂಡವು.

ಮೊಬೈಲ್ ಜಾಲತಾಣವನ್ನು ಮುಚ್ಚಿ ಆಪ್ ಒಂದನ್ನೇ ನೆಚ್ಚಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್, 2015ರ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಮೂಲಕ ವೆಬ್‌ಗೆ ಮರಳಿದ್ದು ಈ ತಂತ್ರವನ್ನು ಬಳಸಿದ ಮೊದಲ ದೊಡ್ಡ ಉದಾಹರಣೆಗಳಲ್ಲೊಂದು. ಫೋನಿನ ಹೋಮ್‌ಸ್ಕ್ರೀನಿಗೆ ಸೇರಿಸಿಕೊಂಡ ಐಕಾನಿನಿಂದ ಬಂದವರಲ್ಲಿ ಖರೀದಿಯ ಪ್ರಮಾಣ ಶೇ. 70ರಷ್ಟು ಹೆಚ್ಚು ಎಂದು ಪ್ರಚಾರಗೊಂಡ ಅಂಕಿ ಕಂಪನಿಯದೇ ಲೆಕ್ಕ. ಸಂಪರ್ಕವಿಲ್ಲದಾಗ ಹಿಂದೆ ನೋಡಿದ ಪುಟಗಳನ್ನು ನೋಡಬಹುದಿತ್ತು, ಕೊಳ್ಳಲು ಆಗುತ್ತಿರಲಿಲ್ಲ. ಆರಂಭದಲ್ಲಿ ಹೇಳಿದ ಅರ್ಥದಲ್ಲಿ ಅದು ಪೂರ್ತಿ ಆಫ್‌ಲೈನ್ ಅಲ್ಲ.

ಸರ್ವರನ್ನೇ ಹತ್ತಿರ ತರುವ ಮೂರನೆಯ ಹಾದಿ ಬ್ರೌಸರುಗಳ ಈ ಪ್ರಯೋಗಗಳ ಹೊರಗೇ ಬೆಳೆಯಿತು. 2007ರಲ್ಲಿ ಹುಟ್ಟಿದ ಕಿವಿಕ್ಸ್ ಇಡೀ ವಿಕಿಪೀಡಿಯವನ್ನು ಒಂದೇ ಕಡತದಲ್ಲಿ ಕೊಡುತ್ತದೆ, ಅದರ ಭಂಡಾರದಲ್ಲಿ ಕನ್ನಡ ವಿಕಿಪೀಡಿಯವೂ ಇದೆ. 2012ರ ಕೆಎ ಲೈಟ್‌ನ ಮುಂದುವರಿಕೆಯಾದ ಕೊಲಿಬ್ರಿ ಶಾಲೆಯ ಒಂದು ಸಣ್ಣ ಕಂಪ್ಯೂಟರಿನಿಂದ ಕೋಣೆಯೊಳಗಿನ ಸಾಧನಗಳಿಗೆಲ್ಲ ಪಾಠ ಹಂಚುತ್ತದೆ. ಇವನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ. ಇಂಟರ್ನೆಟ್ಟೇ ಇಲ್ಲದ ಊರುಗಳಿಗೆ ನಿಜವಾಗಿ ತಲುಪಿದವು ಇವೇ.

ಇನ್ನೂ ಬಗೆಹರಿಯದ ವಿವಾದ, ಬ್ರೌಸರಿನಲ್ಲಿ ಇಟ್ಟದ್ದು ಎಷ್ಟು ಕಾಲ ಉಳಿಯುತ್ತದೆ ಎಂಬುದು. ಬಳಕೆದಾರರ ಜಾಡು ಹಿಡಿಯುವುದನ್ನು ತಡೆಯಲೆಂದು 2020ರ ಮಾರ್ಚ್‌ನಲ್ಲಿ ಸಫಾರಿ ಹೊಸ ನಿಯಮ ತಂದಿತು. ಸಫಾರಿ ಬಳಸಿದ ಏಳು ದಿನಗಳಲ್ಲಿ ಒಂದು ತಾಣವನ್ನು ಒಮ್ಮೆಯೂ ಮುಟ್ಟದಿದ್ದರೆ, ಅದರ ಸ್ಕ್ರಿಪ್ಟುಗಳು ಬರೆದಿಟ್ಟದ್ದೆಲ್ಲ ಅಳಿಯುತ್ತದೆ. ಹೋಮ್‌ಸ್ಕ್ರೀನಿಗೆ ಸೇರಿಸಿದ ಆಪ್‌ಗಳ ಲೆಕ್ಕ ಬೇರೆ ಎಂದು ಆಪಲ್ ಸ್ಪಷ್ಟಪಡಿಸಿತು. ಆದರೂ ಖಾಸಗಿತನವನ್ನು ಕಾಯುವ ನಿಯಮವೇ ಬಳಕೆದಾರರ ಬರಹವನ್ನು ಅಳಿಸಬಲ್ಲದೆಂಬ ಆಕ್ಷೇಪ ನಿಲ್ಲಲಿಲ್ಲ. ಅಳಿಸದೆ ಉಳಿಸಿಕೊಡಿ ಎಂದು ಆಪ್ ಕೋರಿಕೊಳ್ಳುವ ವ್ಯವಸ್ಥೆ ಇದೆ: ಫೈರ್‌ಫಾಕ್ಸ್ ಬಳಕೆದಾರರನ್ನು ಕೇಳುತ್ತದೆ, ಕ್ರೋಮ್ ಕೇಳದೆ ತಾನೇ ತೀರ್ಮಾನಿಸುತ್ತದೆ. ದತ್ತಾಂಶದ ಮೂಲ ಪ್ರತಿ ಬಳಕೆದಾರರ ಸಾಧನದಲ್ಲೇ ಇರಬೇಕೆಂದು ವಾದಿಸಿ ಇಂಕ್ ಅಂಡ್ ಸ್ವಿಚ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪ್ರಬಂಧದ ಹಾದಿಯಲ್ಲಿರುವವರಿಗೆ ಇದೇ ದೊಡ್ಡ ತೊಡಕು. ಎಚ್ಚರವುಳ್ಳ ಡೆವಲಪರುಗಳು ಬ್ರೌಸರಿನ ಸಂಗ್ರಹವೊಂದನ್ನೇ ನಂಬದೆ, ಬರೆದದ್ದನ್ನು ಕಡತವಾಗಿ ಹೊರತೆಗೆದಿಟ್ಟುಕೊಳ್ಳುವ ಗುಂಡಿಯನ್ನೂ ಆಪ್‌ನಲ್ಲಿ ಇಡುತ್ತಾರೆ.