ಕಡಲೆಯ ಸಿಡಿರೋಗ ಮತ್ತು ವಂಶವಾಹಿ ಮೌನೀಕರಣ: ಮನಗೂಳಿ ಸೀಮೆಯ ಎರೆಹೊಲಗಳನ್ನು ಮುಂದಿಟ್ಟು ಒಂದು ವಿವೇಚನೆ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯೂ ಅದರ ಆಚೀಚೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಗಳೂ ಎರೆಭೂಮಿಗೆ ಹೆಸರಾದವು. ಇಲ್ಲಿನ ಹಿಂಗಾರಿ ಬೆಳೆಗಳಾದ ಬಿಳಿಜೋಳ ಮತ್ತು ಕಡಲೆ ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತನೆಯಾಗಿ, ಮುಂದೆ ಬಹುಮಟ್ಟಿಗೆ ಮಣ್ಣಿನಾಳದಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುತ್ತವೆ. ಆದ್ದರಿಂದ ಬೇರಿಗೆ ತಟ್ಟುವ ಯಾವ ಕೇಡೂ ಇಲ್ಲಿ ಇಡೀ ಬೆಳೆಯ ಅಳಿವು-ಉಳಿವನ್ನು ನಿರ್ಧರಿಸುತ್ತದೆ. ಕಡಲೆಯಲ್ಲಿ ಸಿಡಿರೋಗ, ತೊಗರಿಯಲ್ಲಿ ನೆಟೆರೋಗ ಎಂದು ರೈತರು ಕರೆಯುವ ಸೊರಗು ರೋಗಗಳು ಅಂಥ ಕೇಡುಗಳು. ಎರಡಕ್ಕೂ ಕಾರಣ ಫ್ಯುಸೇರಿಯಂ ಕುಲದ ಶಿಲೀಂಧ್ರಗಳೇ ಆಗಿದ್ದು, ತೊಗರಿಯನ್ನು ಬಾಧಿಸುವ ಫ್ಯುಸೇರಿಯಂ ಉಡಮ್ ಅನ್ನು ಇ. ಜೆ. ಬಟ್ಲರ್ 1910ರಲ್ಲಿ ವಿವರಿಸಿದರೆ, ಕಡಲೆಯನ್ನು ಬಾಧಿಸುವುದು ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಪ್ರಭೇದದ, ಕಡಲೆಗೇ ಒಗ್ಗಿಕೊಂಡ ಸೈಸರಿಸ್ ಎಂಬ ರೂಪ. ಶಿಲೀಂಧ್ರವು ಎಳೆಬೇರಿನ ಮೂಲಕ ಒಳಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳಲ್ಲಿ ನೆಲೆಯೂರಿ, ಆ ನಾಳಗಳು ಕಟ್ಟಿಕೊಳ್ಳುವಂತೆ ಮಾಡುವುದರಿಂದ ಮಣ್ಣಿನಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಾಣುವ ಕಂದುಗಪ್ಪು ಗೆರೆ ಈ ರೋಗದ ಗುರುತು. ಕಡಲೆಯ ಸಿಡಿರೋಗದ ಶಿಲೀಂಧ್ರವು ಹೊಲದಲ್ಲಿ ಕಡಲೆಯೇ ಇಲ್ಲದಿದ್ದರೂ 6 ವರ್ಷಗಳವರೆಗೆ ಮಣ್ಣಿನಲ್ಲಿ ಬದುಕಿರಬಲ್ಲದು. ಆದುದರಿಂದ ಒಂದೆರಡು ವರ್ಷದ ಬೆಳೆ ಬದಲಾವಣೆಯಿಂದ ಅದು ತೊಲಗುವುದಿಲ್ಲ, ಗಿಡದ ನಾಳಗಳ ಒಳಗೆ ಸೇರಿಕೊಂಡ ಮೇಲೆ ಔಷಧಿಗೂ ಸುಲಭವಾಗಿ ಎಟುಕುವುದಿಲ್ಲ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡುವುದು ಉಪಯುಕ್ತವೇ ಆದರೂ, ಬಾಳುವ ಪರಿಹಾರ ದೊರೆಯಬೇಕಾದುದು ಗಿಡದ ಸ್ವಂತ ನಿರೋಧಶಕ್ತಿಯಿಂದಲೇ. ಆ ಶಕ್ತಿಯ ಒಳಗುಟ್ಟನ್ನು ತಿಳಿಯಲು ವಂಶವಾಹಿ ಮೌನೀಕರಣ, ಅಂದರೆ ಜೀನ್ ಸೈಲೆನ್ಸಿಂಗ್ ಎಂಬ ವಿಧಾನವು ಎಷ್ಟರಮಟ್ಟಿಗೆ ನೆರವಾಗಿದೆ, ಎಲ್ಲಿ ಅದರ ಮಿತಿಯಿದೆ ಎಂಬುದು ಈ ಲೇಖನದ ವಿಚಾರ.

ಸಸ್ಯಗಳಿಗೆ ಪ್ರಾಣಿಗಳಲ್ಲಿರುವಂತೆ ರಕ್ತದೊಡನೆ ಸಂಚರಿಸುವ ರಕ್ಷಕ ಕೋಶಗಳಿಲ್ಲ, ಪ್ರತಿಕಾಯಗಳೂ ಇಲ್ಲ; ಪ್ರತಿಯೊಂದು ಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ವಸ್ತುವಿದ್ದು, ಅದರ ಚೂರುಗಳನ್ನು ಸಸ್ಯಕೋಶದ ಹೊರಪೊರೆಯಲ್ಲಿರುವ ಗ್ರಾಹಕ ಪ್ರೋಟೀನುಗಳು ಗುರುತಿಸಿದ ಕೂಡಲೇ ಒಳಗೆ ಸಂಕೇತಗಳ ಸರಣಿಯೊಂದು ಆರಂಭವಾಗುತ್ತದೆ: ಕ್ರಿಯಾಶೀಲ ಆಮ್ಲಜನಕ ಬಿಡುಗಡೆಯಾಗುತ್ತದೆ, ಕೋಶಭಿತ್ತಿ ದಪ್ಪಗಾಗುತ್ತದೆ, ಕೈಟಿನನ್ನೇ ಕತ್ತರಿಸುವ ಕೈಟಿನೇಸ್ ಕಿಣ್ವಗಳು ತಯಾರಾಗುತ್ತವೆ, ಕಡಲೆಯಲ್ಲಾದರೆ ಮೆಡಿಕಾರ್ಪಿನ್ ಮತ್ತು ಮ್ಯಾಕಿಯೈನ್ ಎಂಬ ಶಿಲೀಂಧ್ರನಾಶಕ ರಾಸಾಯನಿಕಗಳು ಶೇಖರವಾಗುತ್ತವೆ. ಈ ಮೊದಲ ಕಾವಲನ್ನು ಮುರಿಯಲು ಶಿಲೀಂಧ್ರವು ಕೆಲವು ಪ್ರೋಟೀನುಗಳನ್ನು ಗಿಡದೊಳಕ್ಕೆ ಸ್ರವಿಸುತ್ತದೆ. ಅವನ್ನು ಪತ್ತೆಹಚ್ಚುವ ಎರಡನೆಯ ಕಾವಲಾಗಿ ಕೋಶದೊಳಗೆ ಎನ್‌ಎಲ್‌ಆರ್ ಎಂದು ಕರೆಯಲಾಗುವ ಗ್ರಾಹಕ ಪ್ರೋಟೀನುಗಳ ದೊಡ್ಡ ಬಳಗವೇ ಇದೆ. ಜೋನಾಥನ್ ಜೋನ್ಸ್ ಮತ್ತು ಜೆಫ್ರಿ ಡ್ಯಾಂಗಲ್ 2006ರಲ್ಲಿ ಈ ಎರಡು ಹಂತಗಳನ್ನು ಒಂದೇ ಚೌಕಟ್ಟಿನಲ್ಲಿ ವಿವರಿಸಿದ ಮೇಲೆ ಸಸ್ಯರೋಗಶಾಸ್ತ್ರದ ಚಿಂತನೆ ಆ ಜಾಡಿನಲ್ಲೇ ಸಾಗಿದೆ. ಆದರೆ ಜೀವಂತ ಅಂಗಾಂಶವನ್ನು ಅವಲಂಬಿಸುವ ರೋಗಾಣುವಿಗೆ ಸ್ಯಾಲಿಸಿಲಿಕ್ ಆಮ್ಲದ ಮಾರ್ಗ, ಅಂಗಾಂಶವನ್ನು ಕೊಂದು ತಿನ್ನುವ ರೋಗಾಣುವಿಗೆ ಜಾಸ್ಮೋನಿಕ್ ಆಮ್ಲದ ಮಾರ್ಗ ಎಂಬ ಪಠ್ಯಪುಸ್ತಕದ ವಿಂಗಡಣೆ ಫ್ಯುಸೇರಿಯಂನ ಮುಂದೆ ಸಡಿಲವಾಗುತ್ತದೆ, ಏಕೆಂದರೆ ಅದು ಮೊದಲು ಜೀವಂತ ಬೇರಿನಲ್ಲಿ ಸದ್ದಿಲ್ಲದೆ ಹಬ್ಬಿ, ಅನಂತರ ಕೊಲ್ಲುತ್ತದೆ. ಹೀಗಿರುವಾಗ ಸಾಮಾನ್ಯ ಸೂತ್ರಗಳನ್ನು ಅನ್ವಯಿಸಿ ತೃಪ್ತಿಪಡುವುದಕ್ಕಿಂತ ಒಂದೊಂದು ವಂಶವಾಹಿಯ ಪಾತ್ರವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವುದು ಅನಿವಾರ್ಯ.

ಮೌನೀಕರಣದ ಕಥೆ ಸಸ್ಯದಿಂದಲೇ ತೊಡಗಿದ್ದು. 1990ರಲ್ಲಿ ನಪೋಲಿ, ಜಾರ್ಗನ್ಸನ್ ಮತ್ತು ಸಂಗಡಿಗರು ಪೆಟುನಿಯಾ ಹೂವಿನ ಬಣ್ಣವನ್ನು ಗಾಢಗೊಳಿಸಲೆಂದು ವರ್ಣದ್ರವ್ಯದ ವಂಶವಾಹಿಯ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದಾಗ ಕೆಲವು ಗಿಡಗಳಲ್ಲಿ ಹೂವು ಬೆಳ್ಳಗೆ ಅರಳಿತು. ಹೊಸ ಪ್ರತಿ ತಾನೂ ಕೆಲಸ ಮಾಡದೆ, ಮೂಲ ಪ್ರತಿಯನ್ನೂ ಸುಮ್ಮನಾಗಿಸಿತ್ತು. ಎರಡು ವರ್ಷಗಳ ಬಳಿಕ ರೊಮಾನೊ ಮತ್ತು ಮಚಿನೊ ಇದೇ ವಿದ್ಯಮಾನವನ್ನು ನ್ಯೂರೋಸ್ಪೊರಾ ಕ್ರಾಸಾ ಎಂಬ ಶಿಲೀಂಧ್ರದಲ್ಲಿ ಕಂಡರು. ಸಸ್ಯ ಮತ್ತು ಶಿಲೀಂಧ್ರ ಎರಡರಲ್ಲೂ ಒಂದೇ ಬಗೆಯ ಯಂತ್ರಾಂಗವಿದೆ ಎಂಬ ಈ ಅಂಶ ಮುಂದಿನ ಚರ್ಚೆಗೆ ಬುನಾದಿಯಾದುದರಿಂದ ಅದನ್ನು ನೆನಪಿನಲ್ಲಿಡಬೇಕು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಸಣ್ಣ ದುಂಡುಹುಳುವೊಂದರಲ್ಲಿ ಇದರ ಮೂಲ ಕಾರಣ ಜೋಡಿ ಎಳೆಯ ಆರ್‌ಎನ್‌ಎ ಎಂದು ತೋರಿಸಿ, 2006ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈ ನಡುವೆ 1999ರಲ್ಲಿ ಹ್ಯಾಮಿಲ್ಟನ್ ಮತ್ತು ಬಾಲ್ಕೂಂಬ್ ಸಸ್ಯಗಳಲ್ಲಿ ಈ ಕೆಲಸ ನಡೆಸುವ ಕಿರು ಆರ್‌ಎನ್‌ಎಗಳನ್ನು ಗುರುತಿಸಿದ್ದರು. ಕೋಶದಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಕಾಣಿಸಿಕೊಂಡರೆ ಡೈಸರ್ ಎಂಬ ಕಿಣ್ವವು ಅದನ್ನು 21ರಿಂದ 24 ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಆ ತುಣುಕಿನ ಒಂದು ಎಳೆಯನ್ನು ಹಿಡಿದುಕೊಂಡು, ಅದಕ್ಕೆ ಹೊಂದುವ ಸಂದೇಶವಾಹಕ ಆರ್‌ಎನ್‌ಎ ಎಲ್ಲಿದ್ದರೂ ಹುಡುಕಿ ಕಡಿದುಹಾಕುತ್ತದೆ. ಹೀಗೆ ಮೂಕವಾದ ವಂಶವಾಹಿ ಡಿಎನ್‌ಎಯಲ್ಲಿ ಯಥಾವತ್ತಾಗಿಯೇ ಇರುತ್ತದೆ, ಆದರೆ ಅದರ ಸಂದೇಶ ಪ್ರೋಟೀನು ತಯಾರಾಗುವ ಹಂತವನ್ನು ತಲುಪುವುದಿಲ್ಲ. ವಂಶವಾಹಿಯನ್ನೇ ತಿದ್ದುವ ಕ್ರಿಸ್ಪರ್ ತಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಸಂಶೋಧಕರು ಈ ಯಂತ್ರಾಂಗವನ್ನು ಪ್ರಶ್ನೆ ಕೇಳುವ ಸಾಧನವಾಗಿ ಬಳಸುವ ಪ್ರಮುಖ ಕ್ರಮವೆಂದರೆ, ಪರೀಕ್ಷಿಸಬೇಕಾದ ವಂಶವಾಹಿಯ ಚೂರೊಂದನ್ನು ದುರ್ಬಲ ವೈರಸ್ಸಿನಲ್ಲಿ ಸೇರಿಸಿ ಎಳೆಯ ಗಿಡಕ್ಕೆ ತಗುಲಿಸುವುದು. ಗಿಡವು ವೈರಸ್ಸಿನ ವಿರುದ್ಧ ತನ್ನ ಮೌನೀಕರಣ ವ್ಯವಸ್ಥೆಯನ್ನು ಬಳಸುವಾಗ ಆ ಚೂರಿಗೆ ಹೊಂದುವ ತನ್ನದೇ ವಂಶವಾಹಿಯನ್ನೂ ಮೂಕಗೊಳಿಸಿಕೊಳ್ಳುತ್ತದೆ. ಪ್ರಯೋಗ ಸಫಲವಾಗಿದೆಯೇ ಎಂದು ತಿಳಿಯಲು ಜತೆಯ ಕೆಲವು ಗಿಡಗಳಲ್ಲಿ ಹಸಿರು ಬಣ್ಣಕ್ಕೆ ಅಗತ್ಯವಾದ ವಂಶವಾಹಿಯೊಂದನ್ನು ಮೂಕಗೊಳಿಸಿ, ಎಲೆ ಬಿಳಿಚಿಕೊಳ್ಳುವುದನ್ನು ನೋಡಲಾಗುತ್ತದೆ. ಅನಂತರ ಶಿಲೀಂಧ್ರವನ್ನು ಸೋಂಕಿಸಿದಾಗ, ಮೊದಲು ತಾಳಿಕೊಳ್ಳುತ್ತಿದ್ದ ತಳಿ ಈಗ ಬಾಡಿದರೆ, ಮೂಕವಾದ ಆ ವಂಶವಾಹಿ ರಕ್ಷಣೆಗೆ ಬೇಕಾದದ್ದೆಂದು ಸಿದ್ಧವಾಗುತ್ತದೆ. ಹತ್ತಿಯಲ್ಲಿ 2011ರಲ್ಲಿ ಪ್ರಕಟವಾದ ಇಂಥ ಅಧ್ಯಯನವೊಂದು ಎನ್‌ಡಿಆರ್1 ಮತ್ತು ಎಂಕೆಕೆ2 ಎಂಬ ವಂಶವಾಹಿಗಳನ್ನು ಮೂಕಗೊಳಿಸಿದಾಗ ವರ್ಟಿಸಿಲಿಯಂ ಎಂಬ ಶಿಲೀಂಧ್ರ ತರುವ ಸೊರಗು ರೋಗದ ವಿರುದ್ಧದ ನಿರೋಧಶಕ್ತಿ ಕುಂದುವುದನ್ನು ತೋರಿಸಿತು. ಸೋಂಕಿನ ಸಮಯದಲ್ಲಿ ಯಾವ ವಂಶವಾಹಿ ಹೆಚ್ಚು ಚುರುಕಾಯಿತು ಎಂದು ಎಣಿಸುವ ಅಧ್ಯಯನಗಳು ಬಹಳವಿವೆ. ಆದರೆ ಚುರುಕಾದದ್ದೆಲ್ಲ ರಕ್ಷಣೆ ಮಾಡುತ್ತಿದೆ ಎನ್ನಲಾಗದು, ಕೆಲವು ರೋಗದ ಪರಿಣಾಮವಾಗಿ ಮಾತ್ರ ಚುರುಕಾಗಿರಬಹುದು. ಕಾರಣವನ್ನೂ ಪರಿಣಾಮವನ್ನೂ ಬೇರ್ಪಡಿಸುವುದರಲ್ಲೇ ಮೌನೀಕರಣದ ನಿಜವಾದ ಬೆಲೆಯಿದೆ. ಅಷ್ಟಾದರೂ ಎಚ್ಚರ ಬೇಕು: ವೈರಸ್ಸೇ ಗಿಡದ ನಿರೋಧಶಕ್ತಿಯನ್ನು ಕೆರಳಿಸುವುದರಿಂದ ಖಾಲಿ ವೈರಸ್ಸು ತಗುಲಿಸಿದ ಗಿಡಗಳೊಡನೆ ಹೋಲಿಕೆ ಇಲ್ಲದ ಪ್ರಯೋಗವನ್ನು ನಂಬಲಾಗದು, ಮತ್ತು ಮೌನ ಎಂದೂ ಪೂರ್ಣವಾಗಿರುವುದಿಲ್ಲ.

ಈ ಕ್ಷೇತ್ರದ ಅತ್ಯಂತ ಕುತೂಹಲಕರ ಸಂಗತಿ, ಮನುಷ್ಯರು ಕೈಹಾಕುವ ಮೊದಲೇ ಗಿಡವು ತನ್ನ ನಿರೋಧ ವಂಶವಾಹಿಗಳನ್ನು ತಾನೇ ಮೂಕಗೊಳಿಸಿಕೊಂಡಿರುತ್ತದೆ ಎಂಬುದು. ಈಗ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿರುವ ಪಿ. ವಿ. ಶಿವಪ್ರಸಾದ್ ಅವರು ಬಾಲ್ಕೂಂಬ್ ಮುಂತಾದವರೊಡನೆ 2012ರಲ್ಲಿ ಪ್ರಕಟಿಸಿದ ಸಂಶೋಧನೆಯು, ಮಿಆರ್482 ಎಂಬ ಕಿರು ಆರ್‌ಎನ್‌ಎ ಬಳಗವು ಮೇಲೆ ಹೇಳಿದ ಎನ್‌ಎಲ್‌ಆರ್ ವಂಶವಾಹಿಗಳ ಸಂದೇಶಗಳನ್ನು ಕಡಿಯುತ್ತದೆಂದೂ, ವೈರಸ್ ಅಥವಾ ಬ್ಯಾಕ್ಟೀರಿಯಾ ಸೋಂಕಿದಾಗ ಈ ಹಿಡಿತ ಸಡಿಲಗೊಳ್ಳುತ್ತದೆಂದೂ ಟೊಮೆಟೊದಲ್ಲಿ ತೋರಿಸಿತು. ಕಡಲೆಯ ಹತ್ತಿರದ ಬಂಧುವಾದ ಮೆಡಿಕಾಗೊ ಎಂಬ ದ್ವಿದಳ ಸಸ್ಯದಲ್ಲಿಯೂ ಇದೇ ಬಗೆಯ ವ್ಯವಸ್ಥೆಯಿರುವುದು 2011ರಲ್ಲೇ ವರದಿಯಾಗಿತ್ತು; 2014ರಲ್ಲಿ ಕಡಲೆಯಲ್ಲೇ ಸಿಡಿರೋಗದ ಸೋಂಕಿಗೆ ಸ್ಪಂದಿಸಿ ಏರಿಳಿಯುವ ಕಿರು ಆರ್‌ಎನ್‌ಎಗಳನ್ನು ಗುರುತಿಸಲಾಯಿತು. ನಿರೋಧ ವಂಶವಾಹಿಗಳು ಸದಾ ಎಚ್ಚರವಾಗಿದ್ದರೆ ಗಿಡ ತನ್ನ ಕೋಶಗಳನ್ನೇ ಸಾಯಿಸಿಕೊಂಡು ಕುಬ್ಜವಾಗುತ್ತದೆ. ರೋಗವಿಲ್ಲದ ದಿನಗಳಲ್ಲಿ ಕಾವಲನ್ನು ತಗ್ಗಿಸಿಡುವುದು ಅದರ ಮಿತವ್ಯಯ. ತೇವ ಕಡಿಮೆಯಾದಂತೆ ಕಾಯಿಕಟ್ಟುವ ಆತುರದಲ್ಲಿರುವ ಹಿಂಗಾರಿ ಕಡಲೆಗೆ ಈ ಮಿತವ್ಯಯ ಇನ್ನಷ್ಟು ಮುಖ್ಯವೆಂದು ಊಹಿಸಬಹುದು. ನಿರೋಧಶಕ್ತಿಯ ಪರೀಕ್ಷೆಗಳನ್ನು ಹಸಿರುಮನೆಯ ಹದವಾದ ನೀರಿನಲ್ಲಿ ಮಾತ್ರ ನಡೆಸುವುದು ಸಾಲದೆನ್ನಲು ಇದು ಪ್ರಬಲ ಕಾರಣ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೈಲಿಂಗ್ ಜಿನ್ ಅವರ ತಂಡವು, ಬೂದು ಬೂಷ್ಟು ರೋಗ ತರುವ ಬೊಟ್ರೈಟಿಸ್ ಶಿಲೀಂಧ್ರ ತನ್ನ ಕಿರು ಆರ್‌ಎನ್‌ಎಗಳನ್ನು ಸಸ್ಯಕೋಶದೊಳಕ್ಕೆ ದಾಟಿಸಿ, ಸಸ್ಯದ ಆರ್ಗೊನಾಟನ್ನೇ ವಶಮಾಡಿಕೊಂಡು, ಸಸ್ಯದ ರಕ್ಷಣಾ ವಂಶವಾಹಿಗಳನ್ನು ಮೂಕಗೊಳಿಸುತ್ತದೆಂದು ವರದಿ ಮಾಡಿತು. 2021ರಲ್ಲಿ ಟೊಮೆಟೊವಿನ ಸೊರಗು ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಆಕ್ಸಿಸ್ಪೋರಂ ಕೂಡ ಇದೇ ಉಪಾಯ ಬಳಸುತ್ತದೆಂಬ ವರದಿ ಬಂದಿತು. ಅದೂ ಕಡಲೆಯ ಸಿಡಿರೋಗದ ಶಿಲೀಂಧ್ರವೂ ಒಂದೇ ಪ್ರಭೇದದ ಎರಡು ರೂಪಗಳಾದುದರಿಂದ ಈ ವರದಿ ಎರೆನಾಡಿನ ಬೇಸಾಯಕ್ಕೆ ನೇರವಾಗಿ ಸಂಬಂಧಿಸಿದ್ದು. ಆದರೆ 2023ರಲ್ಲಿ ಬೊಟ್ರೈಟಿಸ್ ಮತ್ತು ಟೊಮೆಟೊ ನಡುವಣ ಸೋಂಕಿನ ಆರಂಭಿಕ ಹಂತವನ್ನು ಮತ್ತೆ ಪರಿಶೀಲಿಸಿದ ಅಧ್ಯಯನವೊಂದಕ್ಕೆ ಇಂಥ ಅಂತರ್ಜೀವಿ ಮೌನೀಕರಣದ ಕ್ರಿಯಾತ್ಮಕ ಸಾಕ್ಷ್ಯ ದೊರೆಯಲಿಲ್ಲ. ಈ ಭಿನ್ನಮತವನ್ನು ಬದಿಗೆ ಸರಿಸಿ ಮುಂದುವರಿಯುವುದು ಸರಿಯಲ್ಲ. ಒಂದು ಶಿಲೀಂಧ್ರದಲ್ಲಿ ಕಂಡದ್ದನ್ನು ಎಲ್ಲ ಶಿಲೀಂಧ್ರಗಳ ಸ್ವಭಾವವೆಂದು ಸಾರುವ ಅವಸರಕ್ಕೆ ಇದು ತಕ್ಕ ತಡೆ.

ಎದುರು ದಿಕ್ಕಿನ, ಅಂದರೆ ಗಿಡದಿಂದ ಶಿಲೀಂಧ್ರದತ್ತ ನಡೆಯುವ ಸಾಗಣೆಯ ವಿಷಯದಲ್ಲಿ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿದೆ. 2010ರಲ್ಲಿ ಬಾರ್ಲಿ ಮತ್ತು ಗೋಧಿಯ ಬೂದಿರೋಗದಲ್ಲಿ, ಗಿಡದೊಳಗೆ ತಯಾರಾದ ಜೋಡಿ ಎಳೆಯ ಆರ್‌ಎನ್‌ಎ ಶಿಲೀಂಧ್ರದ ವಂಶವಾಹಿಯನ್ನು ಮೂಕಗೊಳಿಸಿದ್ದು ಕಂಡುಬಂದಿತು. 2016ರಲ್ಲಿ ಹತ್ತಿಗಿಡವು ತನ್ನ ಸಹಜ ಕಿರು ಆರ್‌ಎನ್‌ಎಗಳನ್ನೇ ವರ್ಟಿಸಿಲಿಯಂಗೆ ಕಳಿಸುತ್ತದೆಂದು ತಿಳಿಯಿತು. ಭಾರತದ ಮಟ್ಟಿಗೆ ಮಹತ್ವದ ಕೆಲಸ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ್ದು: ಅಲ್ಲಿನ ವಿಜ್ಞಾನಿಗಳು 2014ರಲ್ಲಿ ರಸ್ತಾಳಿ ಬಾಳೆಯಲ್ಲಿ ಫ್ಯುಸೇರಿಯಂನ ವೆಲ್ವೆಟ್ ಮತ್ತು ಎಫ್‌ಟಿಎಫ್1 ಎಂಬ ಎರಡು ವಂಶವಾಹಿಗಳ ವಿರುದ್ಧ ಆರ್‌ಎನ್‌ಎ ತಯಾರಾಗುವಂತೆ ಮಾಡಿ, ಸೊರಗು ರೋಗವನ್ನು ತಡೆಯುವ ಗಿಡಗಳನ್ನು ಪಡೆದರು. ಮಣ್ಣಿನಿಂದ ಬರುವ ಫ್ಯುಸೇರಿಯಂಗೆ ಈ ಮಾರ್ಗ ಸಾಧ್ಯವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಆದರೆ ಅಂಥ ಗಿಡ ಕುಲಾಂತರಿಯಾಗುವುದರಿಂದ ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳಡಿ ಕೇಂದ್ರದ ಅನುಮತಿ ಬೇಕು.

ಕುಲಾಂತರಿಯ ತೊಡಕಿಲ್ಲದೆ ಜೋಡಿ ಎಳೆಯ ಆರ್‌ಎನ್‌ಎಯನ್ನು ನೇರವಾಗಿ ಸಿಂಪಡಿಸುವ ಕ್ರಮ 2016ರಲ್ಲಿ ಬಾರ್ಲಿಯ ಎಲೆಗಳ ಮೇಲೆ ಫಲ ಕೊಟ್ಟಿತು. ಇದನ್ನು ಕೇಳಿ ಸಿಡಿರೋಗಕ್ಕೂ ಸಿಂಪರಣೆ ಬಂದೀತೆಂದು ನಿರೀಕ್ಷಿಸುವುದು ಸದ್ಯಕ್ಕೆ ತಪ್ಪಾಗುತ್ತದೆ. ಸೂಕ್ಷ್ಮಾಣುಗಳಿಂದ ತುಂಬಿದ ಮಣ್ಣಿನಲ್ಲಿ ಬರಿಯ ಆರ್‌ಎನ್‌ಎ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತದೆ. ಅಲ್ಲದೆ ಹೊರಗಿನ ಆರ್‌ಎನ್‌ಎಯನ್ನು ಹೀರಿಕೊಳ್ಳುವ ಶಕ್ತಿ ಶಿಲೀಂಧ್ರದಿಂದ ಶಿಲೀಂಧ್ರಕ್ಕೆ ಬೇರೆಯಾಗಿದ್ದು, ಬೊಟ್ರೈಟಿಸ್ ಸುಲಭವಾಗಿ ಹೀರಿಕೊಂಡರೆ ಚಿಬ್ಬುರೋಗದ ಕೊಲೆಟೊಟ್ರೈಕಂ ಹೀರಿಕೊಳ್ಳಲಿಲ್ಲವೆಂದು 2021ರ ಹೋಲಿಕೆಯೊಂದು ತೋರಿಸಿದೆ. ಜಿಲ್ಲೆಯ ದ್ರಾಕ್ಷಿ ತೋಟಗಳ ಬೂದಿರೋಗ ಎಲೆ ಮತ್ತು ಕಾಯಿಯ ಮೇಲ್ಮೈಯಲ್ಲಿ ಬೆಳೆಯುವುದರಿಂದ ಸಿಂಪರಣೆಗೆ ಅದು ಹೆಚ್ಚು ತಕ್ಕ ಗುರಿ. ದ್ರಾಕ್ಷಿಯಲ್ಲೇ ಶಿಲೀಂಧ್ರಕ್ಕೆ ಒಳದಾರಿ ಮಾಡಿಕೊಡುವ ಎಂಎಲ್‌ಒ ವಂಶವಾಹಿಗಳನ್ನು ಮೂಕಗೊಳಿಸಿದಾಗ ಬೂದಿರೋಗದ ತೀವ್ರತೆ ಗಣನೀಯವಾಗಿ ಇಳಿದದ್ದು 2016ರಲ್ಲಿ ಪ್ರಕಟವಾಗಿದೆ.

ಕಡಲೆಗೆ ಮರಳಿದರೆ, ಈ ಭಾಗದ ರೈತನಿಗೆ ಈಗಾಗಲೇ ದೊರೆತಿರುವ ಫಲ ಮೌನೀಕರಣದಿಂದ ಬಂದುದಲ್ಲ, ತಳಿ ಅಭಿವೃದ್ಧಿಯಿಂದ ಬಂದುದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ದಶಕಗಳ ಕಾಲ ಮೆರೆದ ಅಣ್ಣಿಗೇರಿ-1 ತಳಿ ಸಿಡಿರೋಗಕ್ಕೆ ಸುಲಭವಾಗಿ ತುತ್ತಾಗುತ್ತಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಡಬ್ಲ್ಯುಆರ್-315 ಎಂಬ ನಿರೋಧಕ ತಳಿಯಲ್ಲಿದ್ದ ಫಾಕ್4 ಎಂಬ ವರ್ಣತಂತು ಭಾಗವನ್ನು, ಡಿಎನ್‌ಎ ಗುರುತುಗಳ ನೆರವಿನಿಂದ ಪುನಃ ಪುನಃ ಸಂಕರಗೊಳಿಸಿ, ಅಣ್ಣಿಗೇರಿ-1ಕ್ಕೆ ತಂದು ಸೂಪರ್ ಅಣ್ಣಿಗೇರಿ-1 ಎಂಬ ತಳಿಯನ್ನು ರೂಪಿಸಿದರು. ತೊಗರಿಯಲ್ಲಿ 1986ರಲ್ಲಿ ಬಿಡುಗಡೆಯಾದ ಮಾರುತಿ ತಳಿ ನೆಟೆರೋಗವನ್ನು ತಡೆಯಿತಾದರೂ ಗೊಡ್ಡುರೋಗಕ್ಕೆ ಈಡಾಗುತ್ತಿತ್ತು. ಒಂದು ರೋಗದ ವಿರುದ್ಧದ ಕಾವಲು ಇನ್ನೊಂದರ ವಿರುದ್ಧ ನಿಲ್ಲುವುದಿಲ್ಲ ಎಂಬ ಆ ಪಾಠ ಕಡಲೆಗೂ ಅನ್ವಯಿಸುತ್ತದೆ, ಏಕೆಂದರೆ ತೇವ ಕುಗ್ಗಿ ಬಿಸಿಲೇರಿದಾಗ ಎರೆಹೊಲದಲ್ಲಿ ತಲೆಯೆತ್ತುವ ಒಣ ಬೇರುಕೊಳೆ ಬೇರೆಯದೇ ಶಿಲೀಂಧ್ರದ ಕೆಲಸ. ಫಾಕ್4 ಎಂಬುದು ಒಂದು ವಂಶವಾಹಿಯ ಹೆಸರಲ್ಲ, ಹಲವು ವಂಶವಾಹಿಗಳಿರುವ ಒಂದು ಭಾಗದ ಗುರುತು. ಡಿಎನ್‌ಎ ಗುರುತು ಓಣಿಯನ್ನು ತೋರಿಸಿಕೊಡುತ್ತದೆ. ಆ ಓಣಿಯಲ್ಲಿ ಕಾವಲುಗಾರನ ಮನೆ ಯಾವುದೆಂದು ತಿಳಿಯಲು ಒಂದೊಂದು ವಂಶವಾಹಿಯನ್ನೂ ಮೂಕಗೊಳಿಸಿ ಗಿಡ ಬಾಡುತ್ತದೆಯೇ ಎಂದು ನೋಡಬೇಕು. ಭಾರತದಲ್ಲಿ ಸಿಡಿರೋಗದ ಶಿಲೀಂಧ್ರದ 4 ಬಗೆಗಳನ್ನು ಹವಾರೆ ಮತ್ತು ನೆನೆ 1982ರಲ್ಲೇ ಗುರುತಿಸಿದ್ದು, ಶಿಲೀಂಧ್ರ ಬದಲಾದಾಗ ತಳಿಯನ್ನು ಬೇಗ ಬದಲಿಸಿಕೊಳ್ಳಬೇಕಾದರೆ ಆ ಮನೆಯ ವಿಳಾಸ ತಿಳಿದಿರಲೇಬೇಕು.

ಈ ಕೆಲಸಕ್ಕೆ ಬೇಕಾದ ಅಂಗಗಳೆಲ್ಲ ಕರ್ನಾಟಕದಲ್ಲೇ ಇವೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಆರಂಭವಾದ ಕೇಂದ್ರದ ಪರಂಪರೆ ವಿಜಯಪುರದಲ್ಲಿದೆ, ತಳಿ ತಜ್ಞರು ಧಾರವಾಡ ಮತ್ತು ರಾಯಚೂರಿನಲ್ಲಿದ್ದಾರೆ, ಕಿರು ಆರ್‌ಎನ್‌ಎ ಪರಿಣತಿ ಬೆಂಗಳೂರಿನಲ್ಲಿದೆ. ಫಾಕ್4 ಭಾಗದ ವಂಶವಾಹಿಗಳ ಮೌನೀಕರಣ ಪ್ರಯೋಗವನ್ನು ಇವರು ಕೂಡಿ ಕೈಗೆತ್ತಿಕೊಳ್ಳಬೇಕು; ಸೋಂಕಿಸಲು ಬಳಸುವ ಶಿಲೀಂಧ್ರವನ್ನು ಮನಗೂಳಿ, ಸಿಂದಗಿ, ಮುದ್ದೇಬಿಹಾಳದ ಹೊಲಗಳಲ್ಲಿ ಬಾಡಿದ ಗಿಡಗಳಿಂದಲೇ ತೆಗೆಯಬೇಕು; ಕುಂಡಗಳಿಗೆ ತುಂಬುವ ಮಣ್ಣು ಎರೆಮಣ್ಣೇ ಆಗಿರಬೇಕು, ಅದರ ತೇವವೂ ಹಿಂಗಾರಿಯ ಹೊಲದಲ್ಲಿ ಇಳಿಯುವಂತೆಯೇ ಇಳಿಯಬೇಕು.