ಮೈಕ್ರೋಪ್ಲಾಸ್ಟಿಕ್: ದಕ್ಷಿಣ ಬೆಂಗಳೂರಿನ ಊಟ, ತಿಂಡಿ, ನೀರು

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಕಡಲತೀರದ ಕೆಸರಿನಲ್ಲಿ ಇವನ್ನು ತೋರಿಸಿಕೊಟ್ಟ ಮೇಲೆ ಹೆಸರು ನೆಲೆನಿಂತಿತು. ತಿನ್ನುವ, ಕುಡಿಯುವ ಪದಾರ್ಥಗಳಲ್ಲಿ ಹುಡುಕಾಟ ಬಿರುಸಾದದ್ದು ಆಮೇಲೆ.

ದಕ್ಷಿಣ ಬೆಂಗಳೂರಿನಲ್ಲಿ ಈ ಕಥೆ ಹೋಟೆಲಿನ ಪಾರ್ಸೆಲ್ ಜೊತೆ ಬೆಳೆದಿದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಯಿತು. ಅಲ್ಲಿನ ನಿಂತು ತಿನ್ನುವ ಪದ್ಧತಿ ಬನಶಂಕರಿ, ಜೆ.ಪಿ. ನಗರಗಳಿಗೂ ಹಬ್ಬಿತು. ದರ್ಶಿನಿಯ ತಟ್ಟೆ, ಲೋಟಗಳು ಸ್ಟೀಲಿನವೇ. ಪ್ಲಾಸ್ಟಿಕ್ ಒಳಬಂದದ್ದು ಕಟ್ಟಿಸಿಕೊಂಡು ಹೋಗುವ ತಿಂಡಿಯೊಂದಿಗೆ: ಹಬೆಯಾಡುವ ಸಾಂಬಾರನ್ನು ತೆಳು ಕವರಿಗೆ ಸುರಿದು ಬಾಯಿ ಬಿಗಿಯುವುದು, ಬಾಳೆಎಲೆಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ, ಕಾಫಿಗೆ ಪೇಪರ್ ಕಪ್. ಹೆಸರಿಗೆ ಕಾಗದವಾದರೂ ಕಪ್ಪಿನ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪವಿರುತ್ತದೆ. ಅಂಥ ಕಪ್ಪಿನಲ್ಲಿ 85–90 ಡಿಗ್ರಿ ಸೆಲ್ಸಿಯಸ್ ಬಿಸಿಯ 100 ಮಿಲಿಲೀಟರ್ ನೀರು 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಕಣಗಳು ನೀರಿಗೆ ಸೇರುತ್ತವೆ ಎಂದು ಖರಗ್‌ಪುರ ಐಐಟಿ 2020ರಲ್ಲಿ ವರದಿ ಮಾಡಿತು. ಪ್ಲಾಸ್ಟಿಕ್ ಇರುವುದಷ್ಟೇ ಅಲ್ಲ, ಅದಕ್ಕೆ ಬಿಸಿ ತಗಲುವುದೇ ಇಲ್ಲಿ ಮುಖ್ಯ.

ನೀರಿನ ವಿಷಯದಲ್ಲಿ ನಗರಕ್ಕೆ ಹತ್ತಿರದ ಅಧ್ಯಯನ ಭಾರತೀಯ ವಿಜ್ಞಾನ ಸಂಸ್ಥೆಯದು. ಉಪೇಂದ್ರ ನೊಂಗ್ತೊಂಬ ಅವರ ತಂಡ ಕೃಷ್ಣರಾಜಸಾಗರದ ಬಳಿ ಕಾವೇರಿಯ ನೀರು, ಮೀನುಗಳನ್ನು ಪರೀಕ್ಷಿಸಿ ಮೈಕ್ರೋಪ್ಲಾಸ್ಟಿಕ್ ಇರುವುದನ್ನು 2022ರಲ್ಲಿ ಪ್ರಕಟಿಸಿತು. ಆ ನೀರಿನಲ್ಲಿ ಬೆಳೆಸಿದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಹೃದಯದ ದೋಷ, ಡಿಎನ್ಎ ಹಾನಿ ಕಂಡವು. ಬೆಂಗಳೂರಿನ ನಲ್ಲಿಗೆ ಬರುವುದೂ ಕಾವೇರಿಯೇ. ಆದರೆ ಅದು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು ಬರುತ್ತದೆ, ತಂಡ ಪರೀಕ್ಷಿಸಿದ್ದು ನದಿಯ ನೀರನ್ನು. ಈ ವ್ಯತ್ಯಾಸ ಮರೆತು ಭಯ ಹಬ್ಬಿಸುವುದು ಸರಿಯಲ್ಲ. ಇನ್ನು ನಲ್ಲಿ ನೀರಿನ ಬದಲು ಬಿಟಿಎಂ ಲೇಔಟಿನ ಪಿಜಿಗಳು (ಪೇಯಿಂಗ್ ಗೆಸ್ಟ್ ವಸತಿಗಳು) ನೆಚ್ಚಿಕೊಂಡ 20 ಲೀಟರ್ ಕ್ಯಾನ್ ಕೂಡ ಪ್ಲಾಸ್ಟಿಕ್ಕೇ.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಆದರೆ ಹೋಟೆಲಿನ ಅಡುಗೆಮನೆಯೊಳಗಿನ ಪ್ಲಾಸ್ಟಿಕ್ ಬಳಕೆ ದೊಡ್ಡ ಸುದ್ದಿಯಾದದ್ದು 2025ರ ಫೆಬ್ರವರಿಯಲ್ಲಿ. ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುವುದು ಹಳೆಯ ಕ್ರಮ. ಬೆಂದ ಮೇಲೆ ಇಡ್ಲಿ ಅಂಟದೆ ಬಿಡುತ್ತದೆ. ಬಟ್ಟೆ ಒಗೆಯುವ ಕೆಲಸ ತಪ್ಪಿಸಲು ಕೆಲವರು ಪ್ಲಾಸ್ಟಿಕ್ ಹಾಳೆ ಹಾಸತೊಡಗಿದ್ದರು. ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ 52 ಕಡೆ ಇದು ಸಿಕ್ಕಿಬಿದ್ದಿತು. ಕಾಯ್ದ ಪ್ಲಾಸ್ಟಿಕ್ಕಿನಿಂದ ಕ್ಯಾನ್ಸರ್‌ಕಾರಕ ಅಂಶಗಳು ಇಡ್ಲಿಗೆ ಸೇರಬಹುದೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಎಚ್ಚರಿಸಿದರು, ಹಾಳೆಯ ಬಳಕೆಗೆ ನಿಷೇಧ ಬಂತು.