ಸಿಡಿಎಂಎ ರಿಸೀವರ್‌ಗಳಲ್ಲಿ ವ್ಯತಿಕರಣ ನಿವಾರಣೆ

ಸ್ಪ್ರೆಡ್ ಸ್ಪೆಕ್ಟ್ರಮ್ ತತ್ತ್ವದ ಮೇಲೆ ನಡೆಯುವ ಸಿಡಿಎಂಎ ಜಾಲದಲ್ಲಿ ಎಲ್ಲ ಬಳಕೆದಾರರೂ ಒಂದೇ ಆವೃತ್ತಿ ಪಟ್ಟಿಯಲ್ಲಿ, ಒಂದೇ ಹೊತ್ತಿಗೆ ಮಾತನಾಡುತ್ತಾರೆ. ಅವರನ್ನು ಬೇರ್ಪಡಿಸುವುದು ಪ್ರತಿಯೊಬ್ಬರಿಗೂ ಕೊಟ್ಟಿರುವ ಕೋಡ್. ಒಂದೊಂದು ಬಿಟ್ಟನ್ನೂ ಈ ಕೋಡ್‌ನಿಂದ ಗುಣಿಸಿ, ಚಿಪ್ ಎಂಬ ಸಣ್ಣ ತುಣುಕುಗಳ ಸಾಲಾಗಿ ಹರಡಿ ಕಳಿಸಲಾಗುತ್ತದೆ; ರಿಸೀವರ್ ಅದೇ ಕೋಡ್‌ನೊಂದಿಗೆ ತಾಳೆ ನೋಡಿ ಬಿಟ್ಟನ್ನು ಮರಳಿ ಪಡೆಯುತ್ತದೆ. ಕೋಡ್‌ಗಳು ಪರಸ್ಪರ ಪೂರ್ಣ ಲಂಬವಾಗಿದ್ದರೆ ಉಳಿದವರ ಸಿಗ್ನಲ್ ಈ ತಾಳೆಯಲ್ಲಿ ಸೊನ್ನೆಯಾಗಬೇಕು. ಆದರೆ ಫೋನ್‌ಗಳಿಂದ ಬರುವ ಸಿಗ್ನಲ್‌ಗಳು ಬೇರೆ ಬೇರೆ ವಿಳಂಬದೊಡನೆ, ಕಟ್ಟಡಗಳಿಗೆ ಬಡಿದು ಹಲವು ಹಾದಿಗಳಲ್ಲಿ ಬೇಸ್ ಸ್ಟೇಷನ್ ತಲುಪುವುದರಿಂದ ಕೋಡ್‌ಗಳ ನಡುವೆ ಅಷ್ಟಿಷ್ಟು ಸಹಸಂಬಂಧ ಉಳಿದೇ ಉಳಿಯುತ್ತದೆ. ಬಳಕೆದಾರರ ನಡುವಿನ ವ್ಯತಿಕರಣ ಹುಟ್ಟುವುದು ಇಲ್ಲಿ.

ಇದರ ಕಠಿಣ ರೂಪವೇ ಹತ್ತಿರ-ದೂರ ಸಮಸ್ಯೆ. ಸಿಗ್ನಲ್‌ನ ಶಕ್ತಿ ದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂದಿಟ್ಟುಕೊಂಡರೆ, 100 ಮೀಟರ್ ದೂರದ ಫೋನ್ 1 ಕಿಲೋಮೀಟರ್ ದೂರದ್ದಕ್ಕಿಂತ 10,000 ಪಟ್ಟು ಬಲವಾಗಿ ಕೇಳಿಸುತ್ತದೆ. ಸಿಡಿಎಂಎ ಆಧಾರಿತ ಐಎಸ್-95 ಮೊಬೈಲ್ ವ್ಯವಸ್ಥೆಯಲ್ಲಿ ಸೆಕೆಂಡಿಗೆ 9,600 ಬಿಟ್‌ಗಳು 12,28,800 ಚಿಪ್‌ಗಳಾಗಿ ಹರಡುವುದರಿಂದ ಸಿಗುವ ಲಾಭ 128 ಪಟ್ಟು ಮಾತ್ರ. ಆದ್ದರಿಂದ ದೂರದವನ ದನಿ ಮುಳುಗಿಹೋಗುತ್ತದೆ. ಇದಕ್ಕೆ ಕಂಡುಕೊಂಡ ಮೊದಲ ಪರಿಹಾರ ಶಕ್ತಿ ನಿಯಂತ್ರಣ: ಐಎಸ್-95ರ ಬೇಸ್ ಸ್ಟೇಷನ್ ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ, ಡಬ್ಲ್ಯುಸಿಡಿಎಂಎಯಲ್ಲಿ 1,500 ಸಲ, ಶಕ್ತಿಯನ್ನು ಏರಿಸು ಇಲ್ಲವೇ ಇಳಿಸು ಎಂದು ಆದೇಶಿಸುತ್ತದೆ. 2000ರ ದಶಕದಲ್ಲಿ ಭಾರತದಲ್ಲಿ ರಿಲಯನ್ಸ್ ಮತ್ತು ಟಾಟಾ ಕಂಪನಿಗಳು ನಡೆಸಿದ ಸಿಡಿಎಂಎ ಫೋನ್ ಸೇವೆಗಳೂ ಐಎಸ್-95ರ ಕುಟುಂಬಕ್ಕೆ ಸೇರಿದವು.

ಶಕ್ತಿ ನಿಯಂತ್ರಣ ವ್ಯತಿಕರಣವನ್ನು ಹದದಲ್ಲಿಡುತ್ತದೆ, ತೆಗೆದುಹಾಕುವುದಿಲ್ಲ. ಇತರರ ಸಿಗ್ನಲ್‌ಗೆ ನಿಶ್ಚಿತ ರಚನೆಯಿದೆ, ಅವರ ಕೋಡ್‌ಗಳು ಬೇಸ್ ಸ್ಟೇಷನ್ನಿಗೆ ಗೊತ್ತೇ ಇವೆ. ಹೀಗಿರುವಾಗ ಅದನ್ನು ಬರಿಯ ಗದ್ದಲವೆಂದು ಬಗೆಯುವುದು ಕೈಯಲ್ಲಿರುವ ಮಾಹಿತಿಯನ್ನು ಚೆಲ್ಲಿದಂತೆ. ಸಂಶೋಧಕ ಸರ್ಜಿಯೊ ವೆರ್ಡು 1986ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಎಲ್ಲರ ಬಿಟ್‌ಗಳನ್ನೂ ಒಟ್ಟಿಗೆ ನಿರ್ಧರಿಸುವ ಅತ್ಯುತ್ತಮ ರಿಸೀವರ್‌ಗೆ ಹತ್ತಿರ-ದೂರ ಸಮಸ್ಯೆ ಬಾಧಿಸದೆಂದು ಅದು ತೋರಿಸಿತು. ತೊಡಕೆಂದರೆ ಲೆಕ್ಕಾಚಾರದ ಹೊರೆ: 20 ಬಳಕೆದಾರರಿದ್ದರೆ ಪರಿಶೀಲಿಸಬೇಕಾದ ಬಿಟ್ ಜೋಡಣೆಗಳು ಹತ್ತು ಲಕ್ಷ ಮೀರುತ್ತವೆ.

ಹೀಗಾಗಿ ಹಗುರವಾದ ವಿಧಾನಗಳು ಬೇಕಾದವು. ಲುಪಾಸ್ ಮತ್ತು ವೆರ್ಡು 1989ರಲ್ಲಿ ವಿವರಿಸಿದ ಸಹಸಂಬಂಧ ನಿವಾರಕ ರಿಸೀವರ್ ಅವುಗಳಲ್ಲಿ ಪ್ರಮುಖ. ಇಬ್ಬರು ಬಳಕೆದಾರರ ಕೋಡ್‌ಗಳ ಸಹಸಂಬಂಧ 0.2 ಇರಲಿ, ದೂರದವನು +1 ಕಳಿಸಿದ್ದಾನೆ, ಹತ್ತಿರದವನ −1 ಹತ್ತು ಪಟ್ಟು ಪಾರದೊಡನೆ (ಅಲೆಯ ಎತ್ತರದೊಡನೆ) −10 ಆಗಿ ಬಂದಿದೆ ಎನ್ನೋಣ. ದೂರದವನ ತಾಳೆ 1 − 2 = −1 ಬರುತ್ತದೆ; ಉತ್ತರ ತಪ್ಪು. ಹತ್ತಿರದವನ ತಾಳೆ −9.8. ಇದರ 0.2 ಭಾಗವನ್ನು ಮೊದಲಿನದರಿಂದ ಕಳೆದರೆ −1 + 1.96 = 0.96 ಸಿಗುತ್ತದೆ, ಚಿಹ್ನೆ ಸರಿಹೋಯಿತು. ಹತ್ತಿರದವನ ಬಲ ಎಷ್ಟೆಂದು ಇಲ್ಲಿ ತಿಳಿಯಬೇಕಾಗಿಯೇ ಇಲ್ಲ. ಆದರೆ ಕೋಡ್‌ಗಳ ಸಹಸಂಬಂಧ ಹೆಚ್ಚಿದ್ದಲ್ಲಿ ಈ ಕಳೆಯುವಿಕೆ ಹಿನ್ನೆಲೆ ಗದ್ದಲವನ್ನು ಹಿಗ್ಗಿಸುತ್ತದೆ. ಕನಿಷ್ಠ ವರ್ಗದೋಷ ವಿಧಾನ ಗದ್ದಲ ಮತ್ತು ವ್ಯತಿಕರಣ ಎರಡನ್ನೂ ತೂಗಿ ನೋಡಿ ಈ ಕೊರತೆಯನ್ನು ತಗ್ಗಿಸುತ್ತದೆ.

ಸರದಿ ನಿವಾರಣೆಯ ಕ್ರಮ ಬೇರೆ. ಎಲ್ಲರಿಗಿಂತ ಬಲವಾದ ಸಿಗ್ನಲನ್ನು ಮೊದಲು ಗುರುತಿಸಿ, ಅದನ್ನು ಮತ್ತೆ ರಚಿಸಿ, ಒಟ್ಟು ಸಿಗ್ನಲ್‌ನಿಂದ ಕಳೆದು, ಅನಂತರ ಮುಂದಿನವನ ಕಡೆ ತಿರುಗಲಾಗುತ್ತದೆ. ಬಲಗಳಲ್ಲಿ ಅಂತರವಿದ್ದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಒಂದು ಬಿಟ್ಟನ್ನು ತಪ್ಪಾಗಿ ಗುರುತಿಸಿದರೆ ಮಾತ್ರ ಅದರ ವ್ಯತಿಕರಣ ಅಳಿಯುವ ಬದಲು ಪಾರದಲ್ಲಿ ಇಮ್ಮಡಿ, ಶಕ್ತಿಯಲ್ಲಿ ನಾಲ್ಮಡಿಯಾಗುತ್ತದೆ. ಎಲ್ಲರನ್ನೂ ಏಕಕಾಲಕ್ಕೆ ಅಂದಾಜಿಸಿ ಕಳೆಯುವ ಸಮಾಂತರ ನಿವಾರಣೆಯಲ್ಲಿ ವಿಳಂಬ ಕಡಿಮೆ, ಯಂತ್ರಾಂಶ ಹೆಚ್ಚು.

ಬಳಕೆಯಲ್ಲಿ ಕೋಡ್‌ಗಳ ಉದ್ದವೂ ಮುಖ್ಯ. ಐಎಸ್-95ರ ದೀರ್ಘ ಕೋಡ್‌ಗಳಲ್ಲಿ ಸಹಸಂಬಂಧ ಬಿಟ್ಟಿನಿಂದ ಬಿಟ್ಟಿಗೆ ಬದಲಾಗುವುದರಿಂದ ಪ್ರತಿ ಸಲವೂ ಹೊಸ ಲೆಕ್ಕ ಹಾಕಬೇಕು. ಚೀನಾದ ಟಿಡಿ-ಎಸ್‌ಸಿಡಿಎಂಎಯಲ್ಲಿ ಒಂದು ಕಾಲಖಂಡಕ್ಕೆ ಹೆಚ್ಚೆಂದರೆ 16 ಕೋಡ್‌ಗಳಿದ್ದುದರಿಂದ ಎಲ್ಲರ ಬಿಟ್‌ಗಳನ್ನೂ ಒಟ್ಟಿಗೆ ಗುರುತಿಸುವ ಜಂಟಿ ಪತ್ತೆ ಅಲ್ಲಿ ಕೈಗೆಟುಕಿತು. ಇನ್ನೊಂದು ಮಿತಿಯೂ ಇದೆ: ನೆರೆ ಕೋಶಗಳಿಂದ, ಅಂದರೆ ಅಕ್ಕಪಕ್ಕದ ಬೇಸ್ ಸ್ಟೇಷನ್‌ಗಳ ವ್ಯಾಪ್ತಿಯಿಂದ, ಬರುವ ವ್ಯತಿಕರಣದ ಕೋಡ್‌ಗಳು ಸಾಮಾನ್ಯವಾಗಿ ಬೇಸ್ ಸ್ಟೇಷನ್ನಿಗೆ ತಿಳಿದಿರುವುದಿಲ್ಲ. ಈ ಹೊರಗಿನ ವ್ಯತಿಕರಣದ ಪಾಲು ಸ್ವಂತ ಕೋಶದ ವ್ಯತಿಕರಣದ ಅರ್ಧದಷ್ಟಿದ್ದರೆ, ಒಳಗಿನದನ್ನು ಸಂಪೂರ್ಣ ಅಳಿಸಿದರೂ ಸಾಮರ್ಥ್ಯ ಹೆಚ್ಚೆಂದರೆ ಸುಮಾರು ಮೂರು ಪಟ್ಟಾಗುತ್ತದೆ.